ಅವ್ವ ಎಂದರೆ ಎಷ್ಟು ಅಡಿ

ಮೊನ್ನೆ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನನ್ನು ಬೈದಳು. ತಪ್ಪು ಅವಳದಲ್ಲ. ನಾನು ಮಾಡುತ್ತಿದ್ದುದನ್ನು ಯಾರು ನೋಡಿದ್ದರೂ ಬೈಯುತ್ತಿದ್ದರು. ಬಸ್ಸು ಬಾರದೆ ಬೇಸರ ಹತ್ತಿ, ಎದುರಿಗಿದ್ದ ಮೊಬೈಲ್ ಟವರನ್ನೇ ನೋಡುತ್ತಾ, ಜೇಬಿನಿಂದ ಪೆನ್ನು ತೆಗೆದು, ಕೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ನನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸುತ್ತಾ ತುಟಿಯಲ್ಲೇ ಎಣಿಸುತ್ತಿದ್ದೆ. ಟವರಿಗೂ ನನಗೂ ನಡುವೆ ಆಕೆ ನಿಂತಿದ್ದಳು. ನನ್ನ ಲೆಕ್ಕ ಆಗಲೇ ಅವಳ ತಲೆಯನ್ನು ದಾಟಿ ಬಹಳ ಮೇಲಕ್ಕೆ ಹೋಗಿದ್ದರಿಂದ ನಾನು ಅವಳನ್ನು ಗಮನಿಸಿಯೇ ಇರಲಿಲ್ಲ.

"ಕಣ್ ಒಡೀತೀಯೇನಯ್ಯ? ತಲೆ ನರೆತದೆ, ನಾಚ್ಕೆ ಆಗಲ್ವಾ ನಿಂಗೆ" ಎಂದಳು.

"ಇಲ್ಲ ಕಣಮ್ಮ, ಟವರ್ ಅಳೀತಿದ್ದೆ" ಎಂದೆ.

ಅವಳು ಹಿಂತಿರುಗಿ ಟವರನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಟವರನ್ನು ನೋಡಿದಳು. "ಅದ್ನ ಅಳ್ದು ಏನ್ ಮಾಡೀಯೆ?" ಎಂದು ಕೇಳಿದಳು. ಬೈಗುಳಕ್ಕಾದರೆ ತಿರುಗಿ ಏನಾದರೂ ಹೇಳಬಹುದು, ನ್ಯಾಯವಾದ ಪ್ರಶ್ನೆಗೆ ಏನು ಹೇಳುವುದು? ಅಷ್ಟರಲ್ಲಿ ಬಸ್ಸು ಬಂದು ನನ್ನ ಮಾನ ಉಳಿಯಿತು.

ಈ ಚಟ ಮರಗಳಿಂದ ಬಂದದ್ದು. ಬೇರೆಯವರಿಗೆ ಮರದಿಂದ ನೆರಳು ಸಿಗುತ್ತದೆ, ಹಣ್ಣು ಸಿಗುತ್ತದೆ. ನನಗೆ ಕಂಡಲ್ಲೆಲ್ಲ ಒಂದು ಕಣ್ಣು ಮುಚ್ಚುವ ರೋಗ ಸಿಕ್ಕಿತು. ಅದೂ ಮರಗಿಡಗಳ ಗಂಧಗಾಳಿ ಇಲ್ಲದ ಮನುಷ್ಯನಿಗೆ. ನಾನು ಭಾರತೀನಗರದ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವವನು. ಜಮೆ, ಖರ್ಚು, ಉಳಿಕೆ ಇಷ್ಟರಲ್ಲಿ ಮೂವತ್ತು ವರ್ಷ ಕಳೆದವನು. ಸಕ್ಕರೆ ಕಾರ್ಖಾನೆಯ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ದಿನಾ ತಡವಾಗಿ ತರಗತಿಗೆ ಹೋಗುವುದೊಂದೇ ನನ್ನ ಜೀವನದ ಸಾಹಸವಾಗಿತ್ತು.

ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವರು ಶಬಾನಾ ಮೇಡಂ, ಮದ್ದೂರಿನವರು. ಅವರು ಒಂದು ದಿನ ಚಹಾ ಕುಡಿಯುತ್ತಾ, "ಸರ್, ನಿಮಗೆ ಮುತ್ತತ್ತಿ ಕಡೆ ಹೊಳೆಬದಿ ಚೆನ್ನಾಗಿ ಗೊತ್ತಾ?" ಎಂದು ಕೇಳಿದರು. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುತ್ತತ್ತಿಯ ಕಡೆಗೆ ಕಾಡಿನೊಳಗೆ ಹರಿಯುತ್ತದಲ್ಲ, ಅಲ್ಲಿ ದಡದುದ್ದಕ್ಕೂ ನಿಂತಿರುವ ದೊಡ್ಡ ಮರಗಳನ್ನು ಅಳೆದು ಬರೆದಿಡಬೇಕು ಎಂಬುದು ಅವರ ಆಸೆ. ಅರಣ್ಯದವರ ಅಪ್ಪಣೆ ಪಡೆದಿದ್ದರು. ಜೊತೆಗೆ ಬರುವವರು ಯಾರೂ ಇರಲಿಲ್ಲ.

ನಾನು ಗೊತ್ತು ಎಂದೆ. ಸುಳ್ಳಲ್ಲ. ಚಿಕ್ಕಂದಿನಿಂದ ಪ್ರತಿ ವರ್ಷ ಅಲ್ಲಿಗೆ ಹೋಗಿದ್ದೇನೆ. ಆದರೆ ಹೋದದ್ದು ಪರಕ್ಕೆ. ನಮ್ಮ ಕಡೆಯವರಿಗೆ ಪರ ಎಂದರೇನೆಂದು ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ದೇವರ ಹೆಸರಿನಲ್ಲಿ ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ಹೊಳೆದಡಕ್ಕೆ ಹೋಗಿ, ಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿ, ಮುದ್ದೆ ಸಾರು ಮಾಡಿ ಬಂದವರಿಗೆಲ್ಲ ಬಡಿಸುವುದು. ಹೀಗಾಗಿ ಆ ಹೊಳೆಬದಿಯಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದದ್ದು ಮಸಾಲೆಯ ವಾಸನೆ, ಹೊಗೆಗೆ ಉರಿಯುವ ಕಣ್ಣು, ಬಿಸಿ ಮುದ್ದೆ ನುಂಗಿ ಗಂಟಲಲ್ಲಿ ಸಿಕ್ಕಿಸಿಕೊಳ್ಳುವ ಸೋದರಮಾವಂದಿರು. ಮರಗಳು ಇದ್ದವು ಎಂಬುದಷ್ಟೇ ನೆನಪು. ಊಟ ಮಾಡುವಾಗ ಯಾರಾದರೂ ತಲೆ ಎತ್ತಿ ನೋಡುತ್ತಾರೆಯೆ?

ಮೊದಲ ದಿನ ಹೊರಡುವಾಗ ಅವ್ವ ತಾನೂ ಬರುತ್ತೇನೆ ಎಂದಳು. ಮುತ್ತತ್ತಿಗೆ ಹೋಗುವವನು ದೇವರಿಗಲ್ಲದೆ ಇನ್ನೇತಕ್ಕೆ ಹೋಗುತ್ತಾನೆ ಎಂಬುದು ಅವಳ ತಿಳಿವಳಿಕೆ. ಮರ ಅಳೆಯುವುದಕ್ಕೆ ಎಂದು ಹೇಳಿದರೂ ನಂಬಲಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು, ಹೊಸ ಸೀರೆ ಉಟ್ಟು, ಶಬಾನಾ ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ನಾನು ಹಿಂದೆ ಬುಟ್ಟಿಯ ಜೊತೆ ಕೂತೆ.

ಮರ ಅಳೆಯುವ ವಿಧಾನ ಸುಲಭ ಎಂದು ಶಬಾನಾ ಹೇಳಿದರು. ಮರದ ಬುಡದಲ್ಲಿ ಒಬ್ಬರು ನಿಲ್ಲಬೇಕು. ಇನ್ನೊಬ್ಬರು ದೂರ ಹೋಗಿ ಕೈ ಚಾಚಿ ಪೆನ್ನು ಹಿಡಿದು, ಆ ಮನುಷ್ಯನ ಅಂಗಾಲಿನಿಂದ ನೆತ್ತಿಯವರೆಗೆ ಪೆನ್ನಿನಲ್ಲಿ ಎಷ್ಟಾಗುತ್ತದೆ ಎಂದು ಗುರುತು ಮಾಡಿಕೊಂಡು, ಮರದ ತುದಿಯವರೆಗೆ ಅಂಥವು ಎಷ್ಟು ಎಂದು ಎಣಿಸಬೇಕು. ಒಬ್ಬರ ಮೇಲೆ ಒಬ್ಬರು ನಿಂತರೆ ಎಷ್ಟು ಜನ ಬೇಕಾಗುತ್ತದೋ ಅಷ್ಟು ಮರದ ಎತ್ತರ. ಮೊದಲು ನಾನೇ ಹೋಗಿ ನಿಂತೆ. ಶಬಾನಾ ದೂರದಿಂದ ಬಹಳ ಹೊತ್ತು ನೋಡಿ, "ಸರ್, ನೀವು ಎಲ್ಲಿದ್ದೀರಿ?" ಎಂದು ಕೂಗಿದರು. ಹೊಳೆಮತ್ತಿ ಮರದ ಬೇರುಗಳು ನೆಲದಿಂದ ಎದ್ದು ಗೋಡೆಯ ಹಾಗೆ ನಿಂತಿದ್ದವು. ನಾನು ಅವುಗಳ ಹಿಂದೆ ಪೂರ್ತಿ ಮುಳುಗಿಹೋಗಿದ್ದೆ.

ನಾನು ಕುಳ್ಳ ಎಂಬುದನ್ನು ನೀವು ಇಷ್ಟು ಹೊತ್ತಿಗೆ ಊಹಿಸಿರಬೇಕು. ಕಾಲೇಜಿನ ಯಾವ ಸಮಾರಂಭವಾದರೂ ನನ್ನನ್ನು ಪರಿಚಯಿಸುವವರು 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಎಂದೇ ಶುರು ಮಾಡುತ್ತಾರೆ. ಕೀರ್ತಿ ಯಾವುದು ಎಂದು ಮುಂದೆ ಯಾರೂ ಹೇಳಿದ್ದಿಲ್ಲ. ಶಾಲೆಯಲ್ಲಿ ನನ್ನನ್ನು ಬಂಡೂರು ಕುರಿ ಎಂದು ಕರೆಯುತ್ತಿದ್ದರು. ಕಾಲು ಗಿಡ್ಡ, ಮೈ ದುಂಡು. ಆ ಕುರಿಗೆ ಸಂತೆಯಲ್ಲಿ ಎಷ್ಟು ಮರ್ಯಾದೆ ಎಂದು ತಿಳಿದ ಮೇಲೆ ನನಗೆ ಆ ಹೆಸರಿನ ಮೇಲೆ ಕೋಪ ಉಳಿಯಲಿಲ್ಲ. ನಾನು ಬೆಳೆಯದೇ ಹೋದುದಕ್ಕೆ ಅವ್ವನ ಬಳಿ ಗಟ್ಟಿಯಾದ ಕಾರಣವಿತ್ತು. ನಾನು ಮಗುವಾಗಿ ಪಡಸಾಲೆಯಲ್ಲಿ ಮಲಗಿದ್ದಾಗ ನನ್ನ ದೊಡ್ಡಮ್ಮ ದಾಟಿಬಿಟ್ಟಳಂತೆ. ಮಲಗಿದ ಮಗುವನ್ನು ದಾಟಿದರೆ ಅದು ಬೆಳೆಯುವುದಿಲ್ಲ. ದಾಟಿದವರು ಮತ್ತೆ ಅದೇ ದಾರಿಯಲ್ಲಿ ತಿರುಗಿ ದಾಟಿದರೆ ದೋಷ ಹೋಗುತ್ತದೆ. ದೊಡ್ಡಮ್ಮ ತಿರುಗುವಷ್ಟರಲ್ಲಿ ಬೀದಿಯಲ್ಲಿ ಬಳೆಗಾರ ಕೂಗಿದ. ಅವಳು ಹೊರಗೆ ಹೋದವಳು ಹಿತ್ತಲ ಬಾಗಿಲಿಂದ ಒಳಗೆ ಬಂದಳು. ನನ್ನ ಎತ್ತರ ಅಲ್ಲಿಗೆ ಮುಗಿಯಿತು.

ಅವ್ವನ ಹೆಸರು ಪುಟ್ಟತಾಯಮ್ಮ. ಹೆಸರಷ್ಟೇ ಪುಟ್ಟದು. ಬೆಳಕವಾಡಿಯ ಅವಳ ತವರಿನಲ್ಲಿ ಹುಣಸೇಕಾಯಿ ಕೀಳಲು ಅವಳಿಗೆ ದೋಟಿ ಬೇಕಾಗುತ್ತಿರಲಿಲ್ಲ ಎಂದು ಹೇಳುತ್ತಾರೆ. ಅಪ್ಪ ಅವಳಿಗಿಂತ ಒಂದು ಹಿಡಿ ಕಡಿಮೆ ಇದ್ದ. ಮದುವೆಯ ಫೋಟೋದಲ್ಲಿ ಅಪ್ಪ ನಿಂತಿದ್ದಾನೆ, ಅವ್ವನನ್ನು ಕುರ್ಚಿಯಲ್ಲಿ ಕೂರಿಸಿದ್ದಾರೆ. ಚಿಕ್ಕವನಿದ್ದಾಗ ಅವಳ ಪಕ್ಕ ನಿಂತು ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು, ಅದು ಅವಳಿಗೆ ಎಲ್ಲಿ ತಾಗುತ್ತದೆ ಎಂದು ನೋಡುವುದು ನನ್ನ ಅಭ್ಯಾಸವಾಗಿತ್ತು. ಸೊಂಟ ದಾಟಿತು, ಮೊಣಕೈ ದಾಟಿತು, ಭುಜ ದಾಟಿ ಕಿವಿಯ ಹತ್ತಿರ ಬಂದು ನಿಂತೇಹೋಯಿತು.

ಅಂಥ ಅವ್ವ ಬೇರು ಅಡ್ಡಬರದ ಕಡೆ ಮರದ ಬುಡಕ್ಕೆ ಹೋಗಿ ನಿಂತಳು. ಫೋಟೋ ತೆಗೆಯುತ್ತಾರೆಂದುಕೊಂಡು ಸೆರಗು ಸರಿಮಾಡಿ, ಎದೆ ಸೆಟೆಸಿ, ಉಸಿರು ಬಿಗಿಹಿಡಿದು ನಿಂತಳು. ಶಬಾನಾ ಎಣಿಸಿದರು, ನಾನೂ ಎಣಿಸಿದೆ. ಹದಿನೆಂಟು. ಮರದ ಎತ್ತರ ಹದಿನೆಂಟು ಅವ್ವ. ನಾನು ಪಟ್ಟಿಯಲ್ಲಿ ಹಾಗೆಯೇ ಬರೆದೆ. ಆಮೇಲೆ ಅಡಿಗೆ ಬದಲಾಯಿಸಿಕೊಂಡರಾಯಿತು, ಅದೇನು ಮಹಾ ಕೆಲಸ ಎಂದುಕೊಂಡೆ. ಅಲ್ಲಿಂದ ಮುಂದೆ ಅವ್ವ ಇಲ್ಲದೆ ನಾವು ಒಂದು ಮರವನ್ನೂ ಅಳೆಯಲಿಲ್ಲ. ಅವಳಿಗೂ ಅದು ಹಿಡಿಸಿಬಿಟ್ಟಿತು. "ಇವತ್ ಎಷ್ಟ್ ಮರ್ಕೆ ನಿಂತ್ಕಬೇಕ್ಲಾ?" ಎಂದು ಬೆಳಗ್ಗೆಯೇ ಕೇಳುತ್ತಿದ್ದಳು. ಹೊಳೆದಂಡೆಯ ಮರಗಳು ಒಂದೊಂದಾಗಿ ಹದಿನೈದು ಅವ್ವ, ಹದಿನಾರೂವರೆ ಅವ್ವ, ಹದಿಮೂರು ಅವ್ವ ಎಂದು ಪಟ್ಟಿಯಲ್ಲಿ ಸೇರಿಕೊಂಡವು.

ಗೊಂದಲಗಳು ಮೊದಲ ದಿನದಿಂದಲೇ ಇದ್ದವು. ಮರದ ಬುಡ ಎಲ್ಲಿ ಶುರುವಾಗುತ್ತದೆ? ದಡದ ಕಡೆಯಿಂದ ನೋಡಿದರೆ ಒಂದು ಕಡೆ, ನೀರಿನ ಕಡೆಯಿಂದ ನೋಡಿದರೆ ಇನ್ನೂ ಎರಡಾಳು ಕೆಳಗೆ. ಇನ್ನೊಂದು ಮತ್ತಿಮರ ನೀರಿನ ಮೇಲೆ ಪೂರ್ತಿ ವಾಲಿಕೊಂಡು ಆಚೆ ದಡವನ್ನು ಮುಟ್ಟುವ ಹಾಗೆ ಬೆಳೆದಿತ್ತು. ಅದನ್ನು ನೆಟ್ಟಗೆ ನಿಲ್ಲಿಸಿದ್ದರೆ ಎಲ್ಲಕ್ಕಿಂತ ದೊಡ್ಡದಾಗುತ್ತಿತ್ತು. "ಇದೇ ಕಣ್ರೋ ಉದ್ದದ್ ಮರ" ಎಂದು ಅವ್ವ. "ಉದ್ದ ಹೌದಮ್ಮ, ಎತ್ತರ ಅಲ್ಲ" ಎಂದು ಶಬಾನಾ. ನಮ್ಮ ಕಡೆ ಮನುಷ್ಯನಿಗಾಗಲಿ ಮರಕ್ಕಾಗಲಿ ಉದ್ದ ಎಂದೇ ಅನ್ನುವುದು. ಎತ್ತರ ಎಂದು ಅನ್ನುವುದು ದಿಬ್ಬಕ್ಕೆ. ಇವರಿಬ್ಬರೂ ಅರ್ಧ ಗಂಟೆ ಮಾತಾಡಿ ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ ತೀರ್ಪು ಕೇಳಿದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಇಬ್ಬರೂ ನನ್ನ ಮೇಲೆ ಸಿಟ್ಟಾದರು.

ಇನ್ನೊಮ್ಮೆ ಕಾಂಡದ ಸುತ್ತಳತೆ ತಿಳಿಯಬೇಕಾಗಿತ್ತು. ಟೇಪು ಮನೆಯಲ್ಲಿ ಉಳಿದಿತ್ತು. ಎರಡೂ ತೋಳು ಚಾಚಿದರೆ ಒಂದು ಮಾರು ಎಂಬ ಹಳೆಯ ಲೆಕ್ಕ ಇದ್ದೇ ಇದೆಯಲ್ಲ ಎಂದುಕೊಂಡು, ಅಲ್ಲೇ ಮೇಕೆ ಮೇಯಿಸುತ್ತಿದ್ದ ಮುದುಕಪ್ಪನನ್ನು, "ಯಜಮಾನ್ರೇ, ಈ ಮರ ಎಷ್ಟು ಮಾರು?" ಎಂದು ಕೇಳಿದೆ.

ಅವನು ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದ. ಆ ನೋಟಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಮಾರಾಕೆ ಇದೇನ್ ನಮ್ಮಪ್ಪನ್ ಮರ್ವೇ? ಸರ್ಕಾರದ್ ಮರ. ನೀನ್ಯಾವ್ ಕಂಟ್ರಾಕ್ಟ್ರು?" ಎಂದ. ಎಷ್ಟು ವಿವರಿಸಿದರೂ ಅವನಿಗೆ ಸಮಾಧಾನವಾಗಲಿಲ್ಲ. ಮರವನ್ನು ಅಳೆಯುವವನು ಕಡಿಯುವುದಕ್ಕಲ್ಲದೆ ಮತ್ತೇತಕ್ಕೆ ಅಳೆಯುತ್ತಾನೆ? ನಾವು ಕಾರು ಹತ್ತುವವರೆಗೂ ಆ ಮರದ ಕೆಳಗೇ ಕೂತಿದ್ದ.

ಹೀಗೆ ಅಳೆದೂ ಸುರಿದೂ ಕೆಲವು ಬೇಸಗೆ ಕಳೆದವು. ನಡುವೆ ಒಂದು ಮಳೆಗಾಲದಲ್ಲಿ ಹೊಳೆ ಹುಚ್ಚಾಗಿ ಬಂತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ದಡ ಕುಸಿದು ನಮ್ಮ ಪಟ್ಟಿಯ ಕೆಲವು ದೊಡ್ಡ ಮರಗಳೇ ಇರಲಿಲ್ಲ. ವಾಲಿದ ಆ ಉದ್ದದ ಮರವೂ ಹೋಗಿತ್ತು. ಮರ ಇದ್ದ ಜಾಗದಲ್ಲಿ ಬರೀ ಆಕಾಶ ಕಾಣುತ್ತಿತ್ತು. ಅವ್ವ ಆ ಕುಸಿದ ದಡದ ತುದಿಯಲ್ಲಿ ನಿಂತು, "ನಾನ್ ಇಲ್ಲೇ ಅಲ್ವೇನ್ಲಾ ನಿಂತ್ಕಂಡಿದ್ದು" ಎಂದು ಎರಡು ಮೂರು ಸಲ ಕೇಳಿದಳು.

ಈ ವರ್ಷ ಮೈಸೂರಿನ ಯಾವುದೋ ಒಂದು ಮರಪ್ರೇಮಿಗಳ ಗುಂಪು ಹೊಳೆಬದಿಯ ದೊಡ್ಡ ಮರಗಳ ಲೆಕ್ಕವನ್ನೆಲ್ಲ ಒಟ್ಟು ಮಾಡುತ್ತಿದೆ ಎಂದು ತಿಳಿಯಿತು. ಬಿದ್ದುಹೋದ ಮರಗಳ ಲೆಕ್ಕವೂ ಬೇಕೆಂದರು. ಶಬಾನಾ ಉತ್ಸಾಹದಿಂದ ನಮ್ಮ ಪಟ್ಟಿಯನ್ನು ತೆರೆದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು: "ಸರ್, ಅಮ್ಮ ಎಂದರೆ ಎಷ್ಟು ಅಡಿ?"

ಅರುವತ್ತು ವರ್ಷ ಹತ್ತಿರವಾಗುತ್ತಿರುವ ನನಗೆ ನನ್ನ ಅವ್ವ ಎಷ್ಟು ಎತ್ತರ ಎಂದು ಗೊತ್ತಿರಲಿಲ್ಲ. ಎತ್ತರ ಎಂಬುದಷ್ಟೇ ಗೊತ್ತಿತ್ತು. ಐದೂವರೆ ಅಡಿ ಇರಬಹುದು ಎಂದೆ. ಮನೆಗೆ ಬಂದು ಹೆಂಡತಿ ಗೌರಿಯನ್ನು ಕೇಳಿದರೆ, "ಅತ್ತೆ ಐದಡಿ ಇದ್ರೆ ಹೆಚ್ಚು" ಎಂದಳು. ಹದಿನೆಂಟು ಸಲ ಏರಿಸುವ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಬಂದರೆ ಮರಕ್ಕೆ ಒಂಬತ್ತು ಅಡಿ ಹೆಚ್ಚುಕಡಿಮೆ ಆಗುತ್ತದೆ. ನಿಂತಿರುವ ಮರಗಳನ್ನಾದರೆ ಮತ್ತೆ ಅಳೆಯಬಹುದು. ಹೊಳೆಯಲ್ಲಿ ಹೋದವು ಈಗ ಈ ಲೋಕದಲ್ಲಿ ಅವ್ವನ ಲೆಕ್ಕದಲ್ಲಿ ಮಾತ್ರ ಇವೆ. ಅವ್ವ ಎಷ್ಟೆಂದು ತಿಳಿಯದಿದ್ದರೆ ಅವೂ ಇಲ್ಲ.

ಅವಳನ್ನು ಗೋಡೆಗೆ ನಿಲ್ಲಿಸಿ ಒಂದು ಗೀಟು ಎಳೆದರೆ ಮುಗಿಯಿತಲ್ಲ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಟೇಪು ಹಿಡಿದು ಅಡುಗೆಮನೆಗೆ ಹೋದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ವಿಷಯ ಕೇಳಿ ಕೈ ನಿಲ್ಲಿಸಿದಳು.

"ಜೀವ ಇರೋರ್ನ ಯಾರಾದ್ರೂ ಅಳೀತಾರೇನ್ಲಾ?"

"ಯಾಕವ್ವ, ಟೈಲರ್ ಅಳೆಯಲ್ವಾ?"

"ಅಂವ ರವ್ಕೆಗೆ ಅಳೀತಾನೆ, ನನ್ನಲ್ಲ. ಮನ್ಸನ್ನ ಉದ್ದುಕ್ಕೆ ಅಳ್ಯೋದು ಒಂದೇ ಸಲ. ನಿಮ್ಮಪ್ಪನ್ನ ಅಳೀಲಿಲ್ವಾ, ಜಾಲಿ ಕಡ್ಡಿ ಇಟ್ಟು? ನಾನ್ ನೋಡ್ತಾ ಕೂತಿರ್ಲಿಲ್ವಾ?"

ಅಪ್ಪ ಹೋದ ದಿನ ಗುಂಡಿ ತೋಡುವವನು ಅಂಗಳಕ್ಕೆ ಬಂದು, ಒಂದು ಕಡ್ಡಿಯನ್ನು ಅಪ್ಪನ ಪಕ್ಕದಲ್ಲಿಟ್ಟು ಅಳತೆಗೆ ಮುರಿದುಕೊಂಡು ಹೋಗಿದ್ದ. ಕಡ್ಡಿ ಮುರಿದ ಸದ್ದು ನನಗೂ ನೆನಪಿದೆ. ಟೇಪನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಆದರೂ ಬಿಡಲು ಮನಸ್ಸಾಗಲಿಲ್ಲ. ಬಿ.ಪಿ. ತೋರಿಸುವ ನೆಪದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಎತ್ತರ ನೋಡುವ ಕಂಬವೊಂದಿತ್ತು. ನರ್ಸಮ್ಮ ಅದರ ಹತ್ತಿರ ಕರೆದ ತಕ್ಷಣ ಅವ್ವನಿಗೆ ತಲೆ ಸುತ್ತಿ ಬಂತು. ಕುರ್ಚಿಯಲ್ಲಿ ಕೂತವಳು ಮನೆಗೆ ಹೋಗೋಣ ಎನ್ನುವವರೆಗೂ ಏಳಲಿಲ್ಲ. ಗೌರಿ ಇನ್ನೊಂದು ಉಪಾಯ ಹೇಳಿದಳು: ಮಧ್ಯಾಹ್ನ ಅತ್ತೆ ಮಲಗಿದಾಗ ಸದ್ದಿಲ್ಲದೆ ಅಳೆದುಬಿಡಿ. ಒಂದು ಭಾನುವಾರ ಟೇಪು ಹಿಡಿದು ಅವಳ ಚಾಪೆಯ ಪಕ್ಕ ನಿಂತೂ ನಿಂತೆ. ಅವ್ವ ಕಾಲು ಮಡಿಸಿ, ಮುದುಡಿಕೊಂಡು ಮಲಗಿದ್ದಳು. ಎಲ್ಲಿಂದ ಎಲ್ಲಿಗೆ ಅಳೆಯುವುದೋ ತಿಳಿಯಲಿಲ್ಲ. ಅದೂ ಅಲ್ಲದೆ ಮಲಗಿದ ಅವ್ವನ ಪಕ್ಕ ಅಳತೆ ಹಿಡಿದು ನಿಂತ ನನ್ನನ್ನು ನಾನೇ ನೋಡಿಕೊಂಡು ಹೆದರಿಬಿಟ್ಟೆ. ಹೆಜ್ಜೆ ಸದ್ದಾಗದಂತೆ ಹಿಂದಕ್ಕೆ ಬಂದೆ.

ಕೊನೆಗೆ ದಾರಿ ತೋರಿಸಿದವರು ಶಬಾನಾ. "ಇಷ್ಟು ದಿನ ಅಮ್ಮನಿಂದ ಮರ ಅಳೆದೆವು. ಈಗ ಮರದಿಂದ ಅಮ್ಮನನ್ನು ಅಳೆಯೋಣ ಸರ್" ಎಂದರು. ಅವರ ಸ್ನೇಹಿತೆಯೊಬ್ಬರ ಹತ್ತಿರ ಲೇಸರ್ ಬಿಟ್ಟು ಎತ್ತರ ತೋರಿಸುವ ಯಂತ್ರವಿತ್ತು. ಮೊದಲ ದಿನದ ಮತ್ತಿಮರ ಹೊಳೆಗೆ ಬಗ್ಗದೆ ಇನ್ನೂ ನಿಂತಿತ್ತು. ಅದನ್ನು ಯಂತ್ರದಿಂದ ಅಳೆದು, ಹದಿನೆಂಟರಿಂದ ಭಾಗಿಸಿದರೆ ಅವ್ವ ಸಿಗುತ್ತಾಳೆ. ಅವಳನ್ನು ಮುಟ್ಟಬೇಕಾಗಿಯೇ ಇಲ್ಲ. ಹಳೆಯ ಎಣಿಕೆ ಸರಿಯಾಗಿತ್ತೆ ಎಂದು ನೋಡಲು ಒಂದು ಸಲ ಬುಡದಲ್ಲಿ ನಿಂತರೆ ಸಾಕು. ಇಷ್ಟು ಸುಲಭದ ಲೆಕ್ಕ ವಾಣಿಜ್ಯಶಾಸ್ತ್ರದವನಿಗೆ ಹೊಳೆಯಲಿಲ್ಲ, ಸಸ್ಯಶಾಸ್ತ್ರದವರಿಗೆ ಹೊಳೆಯಿತು.

"ಮರ ಅಳ್ಯಕ್ಕಾದ್ರೆ ನಿಂತ್ಕತೀನಿ ಬುಡಿ. ನನ್ನ ಮಾತ್ರ ಅಳೀಬ್ಯಾಡಿ" ಎಂದು ಅವ್ವ ಒಪ್ಪಿದಳು. ಭಾಗಾಕಾರದ ವಿಷಯ ನಾವು ಹೇಳಲಿಲ್ಲ.

ಆ ವಾರವೇ ನಮ್ಮ ಪರ ಇತ್ತು. ಶಬಾನಾ ಅವರನ್ನೂ ಕರೆದೆವು. ನೆಂಟರೆಲ್ಲ ಸೇರಿ ಒಲೆ ಹೂಡುವ ಗಲಾಟೆಯಲ್ಲಿದ್ದರು. ನಾವು ಮೂವರು ಸ್ವಲ್ಪ ಮೇಲಿದ್ದ ಆ ಮರದ ಹತ್ತಿರ ಹೋದೆವು. ಮರದ ಕಾಂಡದಲ್ಲಿ ಒಂದು ತುಕ್ಕು ಹಿಡಿದ ಮೊಳೆಯಿತ್ತು. ನಾವು ಮೊದಲ ಸಲ ಬಂದ ದಿನ ರೊಟ್ಟಿಯ ಚೀಲ ನೇತುಹಾಕಲು ಅವ್ವನೇ ಆ ಮೊಳೆಯನ್ನು ಹುಡುಕಿಕೊಂಡಿದ್ದಳು. ಯಾರು ಯಾವ ಕಾಲದಲ್ಲಿ ಹೊಡೆದದ್ದೋ. ಕೋತಿಗಳಿಂದ ಕಾಪಾಡಲು ಚೀಲವನ್ನು ಮರಕ್ಕೆ ನೇತುಹಾಕುವುದರಲ್ಲಿ ಏನು ಬುದ್ಧಿವಂತಿಕೆ ಎಂದು ನಾನು ಆಗ ಕೇಳಿ ಬೈಸಿಕೊಂಡಿದ್ದೆ.

ಅವ್ವ ಈಗಲೂ ಚೀಲ ಹಿಡಿದು ಮೊಳೆಯ ಕಡೆ ಕೈ ಎತ್ತಿದಳು. ಎಟುಕಲಿಲ್ಲ. ತುದಿಗಾಲಲ್ಲಿ ನಿಂತಳು. ಚೀಲದ ಕುಣಿಕೆ ಮೊಳೆಯ ಕೆಳಗೆ ತಾಗಿ ಜಾರಿತು.

"ಮರ ಬೆಳ್ದದೆ ಕಣ್ಲಾ. ಮೊಳೇನೂ ಮ್ಯಾಕೆ ಎತ್ಕಂಡ್ಬುಟ್ಟದೆ" ಎಂದಳು.

ನಾನು ಹೂಂಗುಟ್ಟಿದೆ. ಇರಬಹುದು ಎಂದೇ ನನಗೂ ಅನ್ನಿಸಿತು. ಮಕ್ಕಳು ಬೆಳೆದರೆ ಅವರ ಕಿವಿಯೂ ಮೇಲಕ್ಕೆ ಹೋಗುವುದಿಲ್ಲವೆ? ಶಬಾನಾ ಚೀಲ ಇಸಿದುಕೊಂಡು ಕೆಳಗಿಟ್ಟರು. ಅವ್ವ ಬುಡಕ್ಕೆ ಬೆನ್ನು ಕೊಟ್ಟು, ಸೆರಗು ಸರಿಮಾಡಿ, ಉಸಿರು ಹಿಡಿದು ನಿಂತಳು. ನಾವು ದೂರ ಹೋಗಿ ಪೆನ್ನು ಹಿಡಿದು ಎಣಿಸಿದೆವು. ಹತ್ತೊಂಬತ್ತೂವರೆ ಬಂತು. ನಾನು ಮತ್ತೆ ಎಣಿಸಿದೆ. ಹತ್ತೊಂಬತ್ತೂವರೆ. ಕೈ ಬದಲಾಯಿಸಿ, ಕಣ್ಣು ಬದಲಾಯಿಸಿ ನೋಡಿದೆ. ಅಷ್ಟೇ.

"ಮರ ಒಂದೂವರೆ ಅವ್ವ ಬೆಳೆದಿದೆ ಮೇಡಂ" ಎಂದೆ. ನನಗೆ ನಿಜವಾಗಿ ಸಂತೋಷವಾಗಿತ್ತು.

ಶಬಾನಾ ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸುತ್ತಾ ನಿಂತರು. "ಸರ್, ಇಷ್ಟು ವಯಸ್ಸಾದ ಮರ ನಾಲ್ಕೈದು ವರ್ಷಕ್ಕೆ ಅಷ್ಟು ಬೆಳೆಯಲ್ಲ. ಆಮೇ‍ಲೆ, ಮರ ಬೆಳೆಯೋದು ತುದಿಯಲ್ಲಿ. ಬುಡದಲ್ಲಿ ಹೊಡೆದ ಮೊಳೆ ಎಂದಿಗೂ ಮೇಲಕ್ಕೆ ಹೋಗಲ್ಲ. ಇದ್ದಲ್ಲೇ ಇರತ್ತೆ" ಎಂದರು. ಬಹಳ ಮೆಲ್ಲಗೆ ಹೇಳಿದರು.

ಮೊದಲು ನನಗೆ ಅರ್ಥವಾಗಲಿಲ್ಲ. ಮೊಳೆ ಮೇಲಕ್ಕೆ ಹೋಗದಿದ್ದರೆ ಅವ್ವನಿಗೆ ಏಕೆ ಎಟುಕಲಿಲ್ಲ? ಮರ ಬೆಳೆಯದಿದ್ದರೆ ಲೆಕ್ಕ ಏಕೆ ಹೆಚ್ಚಾಯಿತು? ಯಂತ್ರ ಮೀಟರಿನಲ್ಲಿ ಒಂದು ಅಂಕಿ ತೋರಿಸುತ್ತಿತ್ತು. ಅದನ್ನು ಮೊಬೈಲಿನಲ್ಲಿ ಅಡಿಗೆ ತಿರುಗಿಸಿ ಹದಿನೆಂಟರಿಂದ ಭಾಗಿಸಿದೆ. ಐದಡಿ ನಾಲ್ಕಿಂಚು. ಹತ್ತೊಂಬತ್ತೂವರೆಯಿಂದ ಭಾಗಿಸಿದೆ. ಐದಡಿಗೆ ಒಂದಿಂಚು ಕಡಿಮೆ. ಒಂದು ಮರದಲ್ಲಿ ಇಬ್ಬರು ಅವ್ವಂದಿರು ಇದ್ದರು. ನಮ್ಮ ಕಣ್ಣಳತೆ ಒಂದೆರಡಿಂಚು ತಪ್ಪಿರಲಿ, ಮೊಳೆಯ ಕಣ್ಣು ತಪ್ಪಿರಲಿಲ್ಲ.

ನಾನು ಐದಡಿ ಒಂದಿಂಚು. ಅಂದರೆ ನಾನು ಅವ್ವನಿಗಿಂತ ಎತ್ತರವಾಗಿದ್ದೆ. ಎಂದಿನಿಂದ ಆಗಿದ್ದೆನೋ ಯಾರಿಗೆ ಗೊತ್ತು. ದಿನಾ ಒಂದೇ ಮನೆಯಲ್ಲಿ ಓಡಾಡುತ್ತಾ, ಅವಳು ಕೊಟ್ಟ ಕಾಫಿ ಕುಡಿಯುತ್ತಾ, ನಾನು ಇನ್ನೂ ಅವಳ ಕಿವಿಯ ಮಟ್ಟದಲ್ಲೇ ಇದ್ದೇನೆ ಎಂದುಕೊಂಡಿದ್ದೆ. ಅವಳಿಗಿಂತ ಎತ್ತರ ಆಗಬೇಕೆಂದು ಹುಡುಗನಾಗಿದ್ದಾಗ ಎಷ್ಟು ಹಂಬಲಿಸಿದ್ದೆ. ಹೀಗೆ ಆಗುವುದು ನನಗೆ ಬೇಕಿರಲಿಲ್ಲ. ಯಾರಿಗಾಗಿ, ಯಾತಕ್ಕಾಗಿ ಎಂದು ಸರಿಯಾಗಿ ಹೇಳಲು ಆಗದಂಥ ದುಃಖ ಬಂತು.

ಅವ್ವ ಇನ್ನೂ ಉಸಿರು ಹಿಡಿದುಕೊಂಡೇ ನಿಂತಿದ್ದಳು. ಹತ್ತಿರ ಹೋದೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು.

"ಏನ್ ಬಂತ್ಲಾ?"

"ಮರ ಬೆಳೆದಿದೆ ಅವ್ವ."

"ಸುಳ್ಳೇಳ್ಬ್ಯಾಡ" ಎಂದಳು. ಸಿಟ್ಟಿಲ್ಲದೆ ಹೇಳಿದಳು. ಮರಕ್ಕೆ ಒರಗಿದ್ದ ಬೆನ್ನನ್ನು ಸಡಿಲ ಬಿಟ್ಟಳು. ಬೆನ್ನು ತಾನಾಗಿಯೇ ಮುಂದಕ್ಕೆ ಬಾಗಿತು. "ಎರಡ್ ವರ್ಸದಿಂದ ಸೀರೆ ನೆಲ ಗುಡಿಸ್ತದೆ. ಮೊದ್ಲು ಸೀರೆನೇ ಉದ್ದ ನೇಯ್ತಾವ್ರೆ ಅನ್ಕಂಡೆ. ಆಮೇಲ್ ಹಳೇ ಸೀರೆನೂ ಗುಡಿಸ್ತು. ಸೊಂಟ್ದಲ್ಲಿ ಮಡಿಸಿ ಮಡಿಸಿ ಸಿಗಾಕಂತಾ ಇವ್ನಿ. ನಿಮ್ಗ್ಯಾರ್ಗೂ ಕಾಣ್ಲಿಲ್ಲ."

"ಅದಕ್ಕೇನಾ ಅಳೀಬೇಡ ಅಂದಿದ್ದು?"

"ಗುಂಡಿಗೆ ನಾನ್ಯಾಕ್ ಎದ್ರಲಿ? ನಿಮ್ಮಪ್ಪ ಮಲ್ಗಿರೋ ಜಾಗ ಅದು. ಎಷ್ಟ್ ಇಳ್ದಿವ್ನಿ ಅಂತ ನೀನ್ ಬರ್ಕಬೇಕಲ್ಲ, ಅದು ಬ್ಯಾಡಾಗಿತ್ತು. ಎಲ್ಲಾರ್ಗೂ ನಮ್ಮವ್ವ ಇಷ್ಟುದ್ದ ಅಂತ ಹೇಳ್ಕಂಡ್ ತಿರುಗ್ತಿದ್ದೆ."

ಶಬಾನಾ ಬಂದು ಅವಳ ಕೈ ಹಿಡಿದುಕೊಂಡರು. ಕೆಳಗೆ ಒಲೆಯ ಹತ್ತಿರದಿಂದ ಯಾರೋ ಎಲೆ ಹಾಕಿದ್ದೇವೆ, ಬನ್ನಿ ಎಂದು ಕೂಗುತ್ತಿದ್ದರು. ಅವ್ವ ಕದಲಲಿಲ್ಲ.

"ಹೊಳೇಲ್ ಕೊಚ್ಕಂಡ್ ಹೋದ್ವಲ್ಲ ಆ ಮರಗೊಳು, ಅವ್ಕೆ ಯಾವ್ ಅಳ್ತೆ ಹಾಕೀಯೆ?" ಎಂದು ಕೇಳಿದಳು.

"ನನಗೆ ಗೊತ್ತಾಗ್ತಿಲ್ಲ ಅವ್ವ. ನೀನೇ ಹೇಳು."

"ಆಗಿನ್ ನನ್ನೇ ಹಾಕು. ಅವ್ಕೆ ಮೋಸ ಆಗ್ಬಾರ್ದು. ಅವು ಕಂಡಿದ್ದು ಅವಳ್ನೇ ಕಣ್ಲಾ."

"ಈ ಮರಕ್ಕಮ್ಮ?" ಎಂದು ಶಬಾನಾ ಕೇಳಿದರು.

ಅವ್ವ ತಿರುಗಿ ಮತ್ತಿಮರದ ಮೇಲೆ ಕೈ ಇಟ್ಟಳು. "ಇದು ಇಬ್ರುನೂ ಕಂಡದೆ. ಎರಡ್ನೂ ಬರ್ಕಳಮ್ಮ" ಎಂದು ಹೇಳಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಊಟಕ್ಕೆ ಇಳಿದುಹೋದಳು.